ಕತ್ತರಿ ಬಿದ್ದ ಮೇಲೆ

(ಬನಶಂಕರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಈ ದತ್ತಿ ಒಬ್ಬ ತಾಯಿಯ ನೆನಪಿನದು. ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಓದಿಸಿದ ತಾಯಿ. ಅವರ ಮಕ್ಕಳು ನನ್ನನ್ನು ಕರೆಯಲು ಬಂದಾಗ ವಿಷಯವನ್ನೂ ತಾವೇ ಹೇಳಿದರು: ‘ನಮ್ಮವ್ವನ ಕಸಬಿನ ಮ್ಯಾಲೇ ಮಾತಾಡ್ರಿ, ಆದರ ಗಿರಾಕಿ ಕಡೆ ನಿಂತು ಮಾತಾಡ್ರಿ. ಆಕಿನೂ ಹಂಗ ಅಂತಿದ್ಲು.’ ಹೊಲಿಯುವವರ ಮನೆಯಿಂದಲೇ ಬಂದ ಈ ಮಾತಿಗೆ ನಾನು ಕೈ ಮುಗಿದು ಒಪ್ಪಿಕೊಂಡೆ.

ಬನಶಂಕರಿಯ ಅಂಗಳದಲ್ಲಿ ಬಟ್ಟೆಯ ಮಾತು ಹೊಸದಲ್ಲ. ಈಕೆ ದೇವಾಂಗ ನೇಕಾರರ ಮನೆದೇವತೆ. ಪಲ್ಲೇದ ಹಬ್ಬದಲ್ಲಿ 108 ಬಗೆಯ ಪಲ್ಲೆಯ ನೈವೇದ್ಯ ಉಂಡು, ಬನದ ಹುಣ್ಣಿಮೆಗೆ ತೇರೇರುವ ಈ ತಾಯಿಗೆ ಹೆಣ್ಣುಮಕ್ಕಳು ಉಡಿ ತುಂಬಲು ತರುವುದು ಖಣ, ಅಂದರೆ ಕುಪ್ಪಸದ ಬಟ್ಟೆ. ನಮ್ಮ ಕಡೆ ಬಸುರಿ ಹೆಂಗಸಿಗೆ ತವರಿನವರು ಮಾಡುವ ಶಾಸ್ತ್ರಕ್ಕೆ ‘ಕುಬಸ’, ಅಂದರೆ ಕುಪ್ಪಸ, ಎಂದೇ ಹೆಸರು. ಹೊಲಿಸಿದ ಒಂದು ಉಡುಪು ಒಂದು ಸಂಸ್ಕಾರಕ್ಕೆ ತನ್ನ ಹೆಸರನ್ನೇ ಕೊಟ್ಟಿದೆ ಎಂದರೆ, ಆ ಉಡುಪು ಕೆಟ್ಟಾಗ ಏನು ಕೆಡುತ್ತದೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ನಮ್ಮ ಮನೆಯಲ್ಲೇ ಹಾಗಾಯಿತು. ನಾನಿನ್ನೂ ಕಾಲೇಜಿನಲ್ಲಿದ್ದೆ. ಅಕ್ಕನಿಗೆ ಏಳು ತಿಂಗಳು. ಅವ್ವನ ಟ್ರಂಕಿನಲ್ಲಿ ಗುಳೇದಗುಡ್ಡದ ಒಂದು ತೇರಿನ ಚಿತ್ತಾರದ ಖಣ ಇತ್ತು. ಅದು ಅವ್ವನಿಗೆ ಆಕೆಯ ತಾಯಿ ಕೊಟ್ಟದ್ದು. ಮೂಲೆ ಮಡಿಚಿದ ಹಾಗೆಯೇ ವರ್ಷಾನುಗಟ್ಟಲೆ ಉಳಿದಿತ್ತು. ಅದನ್ನೂ ಅಳತೆಗೆಂದು ಅಕ್ಕನ ಹಳೆಯ ಕುಬಸ ಒಂದನ್ನೂ ತೆಗೆದುಕೊಂಡು ಅವ್ವ ಪೇಟೆಯ ಒಂದು ಹೊಲಿಗೆ ಅಂಗಡಿಗೆ ಹೋದಳು. ಜೊತೆಗೆ ನಾನಿದ್ದೆ. ‘ಏಳು ತಿಂಗಳ ಬಸರಿ ಐತಿ ತಮ್ಮಾ, ಕುಬಸಕ್ಕ ಹಾಕ್ಕೋಬೇಕು, ಸ್ವಲ್ಪ ಸಡ್ಲ ಇಡು’ ಎಂದು ಅವ್ವ ಹೇಳಿದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಆತ ಹೂಂ ಅಂದ. ಚೀಟಿ ಬರೆಯಲಿಲ್ಲ. ನಾವೂ ಕೇಳಲಿಲ್ಲ.

ಶಾಸ್ತ್ರದ ಹಿಂದಿನ ಸಂಜೆ ಕುಬಸ ಕೈಗೆ ಬಂತು. ಅಕ್ಕ ತೊಟ್ಟರೆ ಹುಕ್ಕು ಕೂಡಲಿಲ್ಲ, ಕಂಕುಳಲ್ಲಿ ಕತ್ತರಿಸಿದಂತೆ ಬಿಗಿ. ಬಿಚ್ಚಿ ಸಡಿಲ ಮಾಡೋಣವೆಂದು ಒಳಮಗ್ಗಲು ತಿರುಗಿಸಿ ನೋಡಿದರೆ, ಹೊಲಿಗೆಯ ಆಚೆ ಬೆರಳಿನಷ್ಟೂ ಬಟ್ಟೆ ಬಿಟ್ಟಿರಲಿಲ್ಲ. ಆಮೇಲೆ ಅವ್ವನ ಕಣ್ಣು ತೋಳಿನ ಮೇಲೆ ಬಿತ್ತು. ಎಡತೋಳಿನ ತೇರುಗಳು ನೆಟ್ಟಗಿದ್ದವು. ಬಲತೋಳಿನವು ಕಳಸ ಕೆಳಗಾಗಿ ನಿಂತಿದ್ದವು. ತೇರು ತಲೆಕೆಳಗಾದ ಬಟ್ಟೆಯನ್ನು ಬಸುರಿಗೆ ತೊಡಿಸುವುದೆಂತು? ಅವ್ವ ಮಾತಾಡದೆ ಕುಬಸವನ್ನು ಮಡಿಚಿದಳು.

ಮರುದಿನ ಅಂಗಡಿಯಾತ ಹೇಳಿದ್ದು ಇಷ್ಟು: ‘ಅಳತಿ ಕುಬಸ ನೀವ ಕೊಟ್ಟೀರಿ ಅವ್ವಾರ, ಅದರಂಗನ ಹೊಲದೀನಿ. ತೋಳಿಂದು ಕತ್ತರಿಸೋವಾಗ ತಪ್ಪೇತಿ. ಹೊಲಿಗಿ ರೊಕ್ಕ ವಾಪಸ್ ತಗೊಳ್ರಿ, ಆತಲ್ಲ?’ ಅವ್ವ ಹೊಲಿಗೆಯ ರೊಕ್ಕ ವಾಪಸ್ ತೆಗೆದುಕೊಂಡು ಬಂದಳು. ವ್ಯವಹಾರ ಮುಗಿಯಿತು ಎಂದು ಆತನೂ ತಿಳಿದ, ನಾವೂ ತಿಳಿದೆವು.

ಮುಗಿದಿರಲಿಲ್ಲ. ವಕೀಲಳಾಗಿ ಇಷ್ಟು ವರ್ಷ ಕಳೆದ ಮೇಲೆ ನಾನು ಇಲ್ಲಿ ನಿಂತು ಹೇಳಬೇಕೆಂದಿರುವುದು ಆ ಲೆಕ್ಕದ ತಪ್ಪನ್ನು. ಹೊಲಿಗೆಯ ಕೂಲಿ ಆತನದು. ಅದನ್ನು ಆತ ಬಿಟ್ಟುಕೊಟ್ಟ. ಆದರೆ ಖಣ ನಮ್ಮದು. ಅದು ಎಲ್ಲಿ ಹೋಯಿತು? ಸಿದ್ಧ ಉಡುಪು ಕೆಟ್ಟದ್ದಾದರೆ ಉಡುಪು ಅಂಗಡಿಗೆ, ದುಡ್ಡು ನಮಗೆ. ಅಳತೆ ಕೊಟ್ಟು ಹೊಲಿಸುವಾಗ ನಾವು ಎರಡು ವಸ್ತು ಕೊಟ್ಟಿರುತ್ತೇವೆ, ಒಂದು ದುಡ್ಡು, ಇನ್ನೊಂದು ಬಟ್ಟೆ. ದುಡ್ಡು ತಿರುಗಿ ಬರಬಹುದು, ಕತ್ತರಿ ಬಿದ್ದ ಬಟ್ಟೆ ತಿರುಗಿ ಬರುವುದಿಲ್ಲ. ಆದ್ದರಿಂದ ಹೊಲಿಗೆಯ ತಪ್ಪಿನಿಂದ ಬಟ್ಟೆ ಕೆಟ್ಟರೆ ‘ರೊಕ್ಕ ವಾಪಸ್’ ಎಂಬುದರಲ್ಲಿ ಬಟ್ಟೆಯ ಬೆಲೆಯೂ ಸೇರಲೇಬೇಕು. ಇದು ನನ್ನ ಹಟವಲ್ಲ, ಕಾನೂನಿನ ಹಾದಿಯೇ ಹಾಗಿದೆ.

1872ರ ಭಾರತೀಯ ಕರಾರು ಕಾಯ್ದೆಯನ್ನು ತೆಗೆದು ನೋಡಿ. ಇನ್ನೊಬ್ಬರ ವಸ್ತುವನ್ನು ಒಂದು ಕೆಲಸಕ್ಕಾಗಿ ಕೈಗೆ ತೆಗೆದುಕೊಂಡವನ ಹೊಣೆ ಏನು ಎಂಬುದನ್ನು ಅದು 148ನೇ ಕಲಮಿನಿಂದ ಹೇಳತೊಡಗುತ್ತದೆ. ಕನ್ನಡದ ಕಾನೂನು ಪುಸ್ತಕಗಳು ಇದನ್ನು ನಿಕ್ಷೇಪ ಎನ್ನುತ್ತವೆ. ಉದಾಹರಣೆ ಕೊಡಬೇಕಾಗಿ ಬಂದಾಗ ಆ ಕಾಯ್ದೆ ಬರೆದವರ ಕಣ್ಣು ಹೋದದ್ದು ದರ್ಜಿಯ ಅಂಗಡಿಗೆ. ಕೋಟು ಹೊಲಿಯಲು ಒಬ್ಬ ಬಟ್ಟೆ ಕೊಟ್ಟಿದ್ದಾನೆ. ಹೊಲಿದೊಡನೆ ಕೊಡುತ್ತೇನೆ, ಕೂಲಿಗೆ ಮೂರು ತಿಂಗಳು ಸಾಲ ಇಡುತ್ತೇನೆ ಎಂದು ದರ್ಜಿ ಒಪ್ಪಿದ್ದಾನೆ. ಹಾಗಿದ್ದರೆ ಕೂಲಿ ಬಂದಿಲ್ಲವೆಂದು ಆತ ಕೋಟನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. 170ನೇ ಕಲಮಿನ ಕೆಳಗೆ ಈ ಉದಾಹರಣೆ ಇವತ್ತಿಗೂ ಇದೆ. ಅದಕ್ಕಿಂತ ಮುಖ್ಯವಾದದ್ದು 151. ತನ್ನದೇ ಅಂಥ ವಸ್ತುವನ್ನು ಒಬ್ಬ ಸಾಮಾನ್ಯ ವಿವೇಕದ ಮನುಷ್ಯ ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಜೋಪಾನವನ್ನು ಒಪ್ಪಿಸಿದ ವಸ್ತುವಿಗೂ ಮಾಡಬೇಕು. ತನ್ನ ಹೆಂಡತಿಯ ಖಣವಾಗಿದ್ದರೆ ಆತ ಕತ್ತರಿ ಹಾಕುವ ಮುಂಚೆ ತೇರು ಯಾವ ಕಡೆ ನಿಂತಿದೆ ಎಂದು ನೋಡುತ್ತಿದ್ದನೋ ಇಲ್ಲವೋ? ಕಾನೂನು ಕೇಳುವುದು ಇದೇ ಪ್ರಶ್ನೆಯನ್ನು.

ಇದರ ಮೇಲೆ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು, ಮೊದಲು 1986ರಲ್ಲಿ, ಆಮೇಲೆ ಅದರ ಜಾಗಕ್ಕೆ 2019ರದು. ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ನಮ್ಮ ಬಟ್ಟೆ ಕೊಟ್ಟು ಹೊಲಿಸಿದರೆ ಅದು ಸೇವೆ, ತಪ್ಪಾದರೆ ‘ಸೇವಾ ನ್ಯೂನತೆ’. ಅಂಗಡಿಯಲ್ಲೇ ಬಟ್ಟೆ ಕೊಂಡು ಅಲ್ಲೇ ಹೊಲಿಸಿದರೆ ಸರಕೂ ಸೇವೆಯೂ ಎರಡೂ ಸೇರುತ್ತವೆ. ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೆ ಸರಕಿನ ದೋಷ, ತೋಳು ಗಿಡ್ಡವಾದರೆ ಸೇವೆಯ ನ್ಯೂನತೆ. ಜಗಳದಲ್ಲಿ ಬಟ್ಟೆಯವನು ಹೊಲಿಗೆಯವನನ್ನು, ಹೊಲಿಗೆಯವನು ಬಟ್ಟೆಯವನನ್ನು ತೋರಿಸುತ್ತಾನೆ. ಎರಡನ್ನೂ ಒಂದೇ ಅಂಗಡಿ ಮಾಡಿದ್ದರೆ ಆ ಆಟ ನಡೆಯುವುದಿಲ್ಲ.

ಈ ಹೊಸ ಕಾಯ್ದೆಯ 2ನೇ ಕಲಮಿನ 47ನೇ ಉಪಕಲಮನ್ನು ನಮ್ಮ ಹೆಣ್ಣುಮಕ್ಕಳು ಬಾಯಿಪಾಠ ಮಾಡಿದರೂ ತಪ್ಪಿಲ್ಲ ಎಂದು ನನಗೆ ಅನ್ನಿಸುತ್ತದೆ. ಅನುಚಿತ ವ್ಯಾಪಾರ ಪದ್ಧತಿ ಯಾವುದು ಎಂದು ಅಲ್ಲಿ ಹೇಳಿದೆ. ಬಿಲ್ಲಾಗಲಿ ಪಾವತಿಯಾಗಲಿ ಕೊಡದಿರುವುದು ಅನುಚಿತ. ದೋಷವಿರುವ ಸರಕನ್ನು ವಾಪಸ್ ಪಡೆಯದೆ, ನ್ಯೂನತೆಯ ಸೇವೆಗೆ ಪಡೆದ ಹಣವನ್ನು ಮರಳಿಸದೆ ಇರುವುದೂ ಅನುಚಿತ. ಬಿಲ್ಲಿನಲ್ಲಿ ಗಡುವು ಬರೆದಿದ್ದರೆ ಅಷ್ಟರೊಳಗೆ, ಬರೆಯದಿದ್ದರೆ 30 ದಿನದೊಳಗೆ ಮರಳಿಸಬೇಕು. ಗೋಡೆಯ ಮೇಲೆ ‘ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ’, ‘ಹೊಲಿಗೆಗೆ ನಾವು ಜವಾಬ್ದಾರರಲ್ಲ’ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಈ ಹೊಣೆ ಅಳಿಸಿಹೋಗುವುದಿಲ್ಲ. ಆ ಬೋರ್ಡು ನೋಡಿಯೇ ತಿರುಗಿ ಬಂದ ಎಷ್ಟೋ ಜನರನ್ನು ನಾನು ಬಲ್ಲೆ. ಅವರಿಗೆ ಅನ್ಯಾಯವಾಯಿತು.

ಹಾಗಾದರೆ ಹೊಲಿಸಿದ್ದು ಮನಸ್ಸಿಗೆ ಬರಲಿಲ್ಲವೆಂದು ರೊಕ್ಕ ಕೇಳಬಹುದೇ? ಕೇಳುವಂತಿಲ್ಲ. ಇಲ್ಲಿ ಅಂಗಡಿಯವರ ಮಾತಿಗೆ ಬಲವಿದೆ. ನಮ್ಮ ಮೈಗೆ ಕತ್ತರಿಸಿದ ಬಟ್ಟೆಯನ್ನು ಅವರು ಇನ್ನಾರಿಗೂ ಮಾರಲಾರರು. ಯುರೋಪಿನಲ್ಲಿ ದೂರದಿಂದ ಕೊಂಡ ಮಾಲನ್ನು 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವ ಹಕ್ಕಿದೆ. 2011ರ ಅವರ ನಿರ್ದೇಶನ ಅಳತೆ ಕೊಟ್ಟು ಮಾಡಿಸಿದ ವಸ್ತುಗಳನ್ನು ಅದರಿಂದ ಹೊರಗಿಟ್ಟಿದೆ. ಬ್ರಿಟನ್ನಿನಲ್ಲೂ ಹಾಗೆಯೇ. ಆದರೆ ಆ ವಿನಾಯಿತಿ ಮನಸ್ಸು ಬದಲಾದವರಿಗೆ ಮಾತ್ರ. ಹೇಳಿದ್ದಕ್ಕೆ ಹೊಂದದ ವಸ್ತು ಬಂದರೆ ಅಲ್ಲಿಯೂ ಮಾರಿದವನೇ ಉತ್ತರ ಹೇಳಬೇಕು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ ದೋಷದ ಸರಕನ್ನು 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ಹಣ ಕೇಳಬಹುದು. ‘ಆರ್ಡರ್ ಕೊಟ್ಟು ಮಾಡಿಸಿದ್ದು, ಅದಕ್ಕ ವಾಪಸ್ ಇಲ್ಲ’ ಎನ್ನುವಾಗ ನಮ್ಮಲ್ಲಿ ಮನಸ್ಸಿನ ಬದಲಾವಣೆಯನ್ನೂ ಕೆಲಸದ ತಪ್ಪನ್ನೂ ಒಂದೇ ಗಂಟಿಗೆ ಕಟ್ಟುತ್ತಾರೆ. ಆ ಗಂಟನ್ನು ಮೊದಲು ಬಿಚ್ಚಬೇಕು.

ಈಗ ಅಕ್ಕನ ಕುಬಸದಲ್ಲಿದ್ದ ಎರಡು ತಪ್ಪುಗಳನ್ನು ಗ್ರಾಹಕ ಆಯೋಗದ ಮುಂದೆ ಇಟ್ಟಂತೆ ಇಡುತ್ತೇನೆ. ತಲೆಕೆಳಗಾದ ತೇರಿನ ಬಗ್ಗೆ ವಾದವೇ ಇಲ್ಲ, ಕಣ್ಣಿಗೆ ಕಾಣುತ್ತದೆ. ಬಿಗಿಯಾದದ್ದು ಹಾಗಲ್ಲ. ‘ಅಳತಿ ಕುಬಸದಂಗ ಹೊಲದೀನಿ’ ಎಂಬ ಮಾತು ಬೇರೆ ಸಂದರ್ಭದಲ್ಲಿ ಗೆಲ್ಲುತ್ತಿತ್ತು. ತಪ್ಪು ಅಳತೆ ಕೊಟ್ಟವರು ನಾವಾದರೆ ನಷ್ಟವೂ ನಮ್ಮದೇ. ಆದರೆ ಅವ್ವ ಆತನಿಗೆ ಏಳು ತಿಂಗಳ ಬಸುರಿ ಎಂದಿದ್ದಳು, ಕುಬಸಕ್ಕೆ ಎಂದಿದ್ದಳು, ಸಡಿಲ ಇಡು ಎಂದಿದ್ದಳು. ಏತಕ್ಕೆ ಬೇಕು ಎಂದು ಗಿರಾಕಿ ಹೇಳಿ, ಕೆಲಸ ಬಲ್ಲವನ ಜಾಣ್ಮೆಯನ್ನು ನಂಬಿ ಕೊಟ್ಟಮೇಲೆ ಆ ಉದ್ದೇಶಕ್ಕೆ ಒದಗುವಂತೆ ಮಾಡಿಕೊಡುವ ಹೊಣೆ ಕೆಲಸದವನಿಗೆ ಬರುತ್ತದೆ. ಸರಕಿನ ವಿಷಯದಲ್ಲಿ ಇದನ್ನು 1930ರ ಸರಕು ಮಾರಾಟ ಕಾಯ್ದೆ ತನ್ನ 16ನೇ ಕಲಮಿನಲ್ಲಿ ನೇರವಾಗಿಯೇ ಹೇಳುತ್ತದೆ. ಹೊಲಿಗೆಯಂಥ ಸೇವೆಯಲ್ಲಿ ಅದೇ ವಿವೇಕ ‘ನ್ಯೂನತೆ’ ಎಂಬ ಮಾತಿನೊಳಗೆ ಬರುತ್ತದೆ. ‘ಈ ಅಳತಿಗೆ ಆಗೂದಿಲ್ಲ, ಅಕ್ಕಾರನ್ನ ಕರಕೊಂಡು ಬರ್ರಿ, ಟೇಪ್ ಹಿಡೀತೀನಿ’ ಎಂದು ಒಂದು ಮಾತು ಆತ ಅನ್ನಬೇಕಾಗಿತ್ತು.

ನಮ್ಮ ಕೈಯಲ್ಲಿ ಇಲ್ಲದಿದ್ದದ್ದು ಒಂದೇ, ಚೀಟಿ. ಅವ್ವ ಬಾಯಿಯಲ್ಲಿ ಹೇಳಿದ್ದೆಲ್ಲ ಗಾಳಿಗೆ ಹೋಯಿತು. ಅದಕ್ಕೇ ಹೇಳುತ್ತೇನೆ, ಸಂಚಕಾರ, ಅಂದರೆ ಮುಂಗಡ, ಕೊಡುವ ಮುಂಚೆ ಚೀಟಿ ಬರೆಸಿ. ಯಾವ ಬಟ್ಟೆ, ಎಷ್ಟು ಉದ್ದ, ಅಂದಾಜು ಬೆಲೆ ಎಷ್ಟು. ಎದೆ, ತೋಳು, ಉದ್ದದ ಅಳತೆ. ಯಾವ ಸಮಾರಂಭಕ್ಕೆ, ಯಾವ ತಾರೀಖಿಗೆ ಬೇಕು. ಕೂಲಿ ಎಷ್ಟು, ಕೊಟ್ಟ ಸಂಚಕಾರ ಎಷ್ಟು. ಬೆನ್ನಿಗೇ ಬಟ್ಟೆಯದೂ ಚೀಟಿಯದೂ ಮೊಬೈಲಿನಲ್ಲಿ ಫೋಟೊ ಹಿಡಿಯಿರಿ. ನಮ್ಮ ಖಣದಂಥ ಹಳೆಯ ಬಟ್ಟೆಗೆ ಬಿಲ್ಲು ಎಲ್ಲಿಂದ ತರುವುದು ಎನ್ನುವವರಿಗೆ ನನ್ನ ಸಲಹೆ ಇಷ್ಟೆ: ಅಂಥದೇ ಖಣಕ್ಕೆ ಈಗ ಎಷ್ಟು ಬೆಲೆ ಎಂದು ಗುಳೇದಗುಡ್ಡದ ಒಂದು ಅಂಗಡಿಯಿಂದ ಬರೆಸಿಕೊಂಡು ಬನ್ನಿ. ನಷ್ಟದ ಅಳತೆಗೆ ಅದೂ ಒಂದು ಆಧಾರ.

ಇಂಥ ಸಣ್ಣ ವಿಷಯಕ್ಕೆ ಆಯೋಗದ ಮೆಟ್ಟಿಲು ಹತ್ತುವುದೇ ಎಂದು ಕೇಳುವವರಿದ್ದಾರೆ. ಬೇರೆಯವರು ಹತ್ತಿದ್ದಾರೆ. ಕೇರಳದ ಎರ್ನಾಕುಳಂ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಇತ್ತೀಚೆಗೆ ಬಂದದ್ದು ಒಂದು ಅಂಗಿಯ ಪ್ರಕರಣ. ಹೇಳಿದ ಅಳತೆಗೆ ಹೊಲಿದಿರಲಿಲ್ಲ, ಸರಿಪಡಿಸಲು ಕೊಟ್ಟರೂ ಸರಿಯಾಗಲಿಲ್ಲ. ಆಯೋಗ ಹೊಲಿಗೆಯ 550 ರೂಪಾಯಿಯನ್ನೂ ಬಟ್ಟೆಯ 950 ರೂಪಾಯಿಯನ್ನೂ ಕೊಡಿಸಿತು, ಮೇಲೆ 15,000 ರೂಪಾಯಿ ಪರಿಹಾರ. ಆ 950ನ್ನು ಗಮನಿಸಿ. ನಮ್ಮ ಅವ್ವ ಬಿಟ್ಟುಬಂದ ಬಾಬತ್ತು ಅದೇ. ಅಹಮದಾಬಾದಿನಲ್ಲಿ 2024ರ ಡಿಸೆಂಬರಿನ ಒಂದು ಮದುವೆಗೆ ಕುಪ್ಪಸ ಹೊಲಿಯಲು ಮುಂಗಡ ಪಡೆದು ವೇಳೆಗೆ ಕೊಡದಿದ್ದ ದರ್ಜಿಯಿಂದ ಅಲ್ಲಿನ ಆಯೋಗ 4,395 ರೂಪಾಯಿಯನ್ನು ಬಡ್ಡಿ ಸಹಿತ ವಾಪಸ್ ಕೊಡಿಸಿ, 7,000 ರೂಪಾಯಿ ಪರಿಹಾರವನ್ನೂ ವಿಧಿಸಿತು. ಮದುವೆ ಮುಗಿದ ಮೇಲೆ ಬಂದ ಕುಪ್ಪಸ ಎಷ್ಟು ಚೆಂದ ಹೊಲಿದಿದ್ದರೇನು? ತಡವೂ ಒಂದು ತಪ್ಪೇ.

ಬಾಗಲಕೋಟೆಯಲ್ಲಿ ನಮ್ಮ ಜಿಲ್ಲಾ ಆಯೋಗವಿದೆ. ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಂಗಡಿ ಹುಬ್ಬಳ್ಳಿಯಲ್ಲಿರಲಿ ಬೆಂಗಳೂರಿನಲ್ಲಿರಲಿ. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ, ವಕೀಲಳಾಗಿಯೇ ಇದನ್ನು ಹೇಳುತ್ತಿದ್ದೇನೆ. ತಪ್ಪಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ಜಗಳ ಅಲ್ಲಿಯೇ ಬಗೆಹರಿಯುತ್ತದೆ. ಆಯೋಗಕ್ಕೆ ಹೋದ ಮೇಲೂ ಎರಡೂ ಕಡೆಯವರು ಒಪ್ಪಿದರೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ. ಒಂದೇ ಪೇಟೆಯಲ್ಲಿ ದಿನಾ ಮುಖ ನೋಡಬೇಕಾದ ಜನಕ್ಕೆ ನನಗೆ ಆ ದಾರಿಯೇ ಹಿಡಿಸುತ್ತದೆ.

ಇಳಕಲ್ಲಿನವರು ಇಲ್ಲಿದ್ದೀರಿ, ನಿಮ್ಮ ಸೀರೆಯ ಮಾತು ಆಡದಿದ್ದರೆ ಈ ಉಪನ್ಯಾಸ ಅರ್ಧವಾಗುತ್ತದೆ. ಹೊಲಿಗೆಯಲ್ಲಷ್ಟೇ ಅಲ್ಲ, ನೇಯ್ಗೆಯಲ್ಲೂ ಹೇಳಿ ಮಾಡಿಸುವುದುಂಟು. ಇಳಕಲ್ಲ ಸೀರೆಯ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹೀಗಾಗಿ ಒಂದೊಂದು ಸೀರೆಗೂ ಒಂದೊಂದು ಹಾಸು. ಮದುವೆಗೆಂದು ಬಣ್ಣ, ದಡಿ ಹೇಳಿ ಸಂಚಕಾರ ಕೊಟ್ಟವರಿಗೆ ಯಂತ್ರದ ಮಗ್ಗದ ಸೀರೆಯನ್ನೋ ಕೃತಕ ರೇಷ್ಮೆಯ ಸೆರಗನ್ನೋ ಕೊಟ್ಟು ಕೈಮಗ್ಗದ್ದು ಎಂದರೆ, ಅದು ಬರೀ ದೋಷವಲ್ಲ, ಸುಳ್ಳು. ಇಳಕಲ್ಲ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕದ ರಕ್ಷಣೆ ಇದೆ. ತೋರಿಸಿದ ಮಾದರಿಗೆ ಮಾಲು ಹೊಂದಬೇಕು ಎಂದು ಸರಕು ಮಾರಾಟ ಕಾಯ್ದೆಯ 17ನೇ ಕಲಮು ಹೇಳುತ್ತದೆ. ರೇಷ್ಮೆ ಹೌದೋ ಅಲ್ಲವೋ ಎಂಬ ವಾದ ಬಂದರೆ ಆಯೋಗ ಸೀರೆಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಸೀರೆ ಕೈಗೆ ಬಂದಾಗ ಸೆರಗು ಒಡಲು ಕೂಡುವ ಕಡೆ ತಿರುಗಿಸಿ, ಬೆರಳಾಡಿಸಿ ನೋಡಿ. ಕೊಂಡಿಯ ಸಾಲು ಬೆರಳಿಗೆ ಸಿಗುತ್ತದೆ. ಈ ಮೋಸದಲ್ಲಿ ಗಿರಾಕಿಯಷ್ಟೇ ಕಳೆದುಕೊಳ್ಳುವವನು ಮಗ್ಗದ ಕುಣಿಯಲ್ಲಿ ಕಾಲಿಟ್ಟು ನೇಯುವ ನೇಕಾರ. ಅವನ ಸೀರೆಯ ಹೆಸರಿನಲ್ಲಿ ಇನ್ನೊಂದು ಸೀರೆ ಮಾರಾಟವಾಗುತ್ತಿದೆ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮ ಹೆಣ್ಣುಮಕ್ಕಳು ವಾಟ್ಸಾಪಿನಲ್ಲಿ ಅಳತೆ ಕಳಿಸಿ ಖಣದ ಕುಪ್ಪಸ ತರಿಸುತ್ತಾರೆ. ಇಂಚೋ ಸೆಂಟಿಮೀಟರೋ ಎಂದು ಬರೆಯದೆ ಆದ ಅನಾಹುತಗಳು ನನ್ನ ಬಳಿ ಬಂದಿವೆ. ಅಳತೆ ಸರಿಯಾಗಿ ಬರೆದೂ ಮಾಲು ತಪ್ಪಾಗಿ ಬಂದರೆ ಮಾತು ಬೇರೆ: 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನಿನಲ್ಲಿ ವ್ಯಾಪಾರ ಮಾಡುವವರೂ ದೋಷದ ಮಾಲನ್ನು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ.

ಇಷ್ಟು ಹೊತ್ತು ಗಿರಾಕಿಯ ಕಡೆ ನಿಂತೆ. ಹೊಲಿಯುವವರಿಗೆ ಎರಡು ಮಾತು, ಈ ದತ್ತಿ ಅವರ ಮನೆಯದೇ. ಅಂಗಡಿಯಲ್ಲಿ ತುಂಡಿಗೆ ಇಷ್ಟು ಎಂದು ಹೊಲಿಯುವ ಹೆಣ್ಣುಮಗಳ ಕೂಲಿಯಿಂದ ನಷ್ಟ ಮುರಿದುಕೊಳ್ಳುವ ಮಾಲೀಕರನ್ನು ನಾನು ಕಂಡಿದ್ದೇನೆ. ಅದು ನ್ಯಾಯವಲ್ಲ. ಗಿರಾಕಿಯಿಂದ ದುಡ್ಡು ಎಣಿಸಿಕೊಂಡವರು ಮಾಲೀಕರು, ಗಿರಾಕಿಗೆ ಉತ್ತರ ಹೇಳಬೇಕಾದವರೂ ಅವರೇ. ಇನ್ನೊಂದು, ಹೊಲಿಯುವವರೂ ಗ್ರಾಹಕರೇ. ವ್ಯಾಪಾರಕ್ಕಾಗಿ ಕೊಂಡವರಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುವುದಿಲ್ಲ ನಿಜ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರನ್ನು ಅದು ಗ್ರಾಹಕರೆಂದೇ ಎಣಿಸುತ್ತದೆ. ಮನೆಯಲ್ಲಿ ಹೊಲಿಯುವ ಅಕ್ಕ ಕೊಂಡ ಯಂತ್ರ ತಿಂಗಳೊಳಗೆ ಕೆಟ್ಟರೆ, ಅಸ್ತರದ ಬಟ್ಟೆ ಬಣ್ಣ ಬಿಟ್ಟು ಗಿರಾಕಿಯ ಕುಪ್ಪಸ ಹಾಳಾದರೆ, ಆಕೆಯೂ ಇದೇ ಆಯೋಗದ ಬಾಗಿಲಿಗೆ ಬರಬಹುದು.

ತಪ್ಪಾದಾಗ ಸರಿಪಡಿಸಲು ಒಂದು ಅವಕಾಶ ಕೊಡಿ ಎಂದು ದರ್ಜಿಗಳು ಕೇಳುತ್ತಾರೆ. ಕೊಡಬೇಕಾದದ್ದೇ. ಆಯೋಗ ಕೊಡಬಹುದಾದ ಆದೇಶಗಳಲ್ಲಿ ಮೊದಲು ಬರುವುದೂ ದೋಷ ನಿವಾರಿಸಿ ಎಂಬುದೇ. ಆದರೆ ಸರಿಪಡಿಸಲು ಒಳಗೆ ಬಟ್ಟೆ ಬೇಕು. ಈ ದತ್ತಿಯ ತಾಯಿ ಯಾವ ಕುಪ್ಪಸ ಹೊಲಿದರೂ ಎರಡು ಮಗ್ಗುಲಿಗೂ ಒಂದು ಬೆರಳು ಬಟ್ಟೆ ಒಳಗೆ ಬಿಡುತ್ತಿದ್ದರಂತೆ. ನಾಳೆ ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು.

ಅಕ್ಕನ ಆ ಕುಬಸವನ್ನು ಅವ್ವ ಎಸೆಯಲಿಲ್ಲ. ಟ್ರಂಕಿನಲ್ಲೇ ಇಟ್ಟಿದ್ದಳು, ಈಗ ನನ್ನ ಬಳಿ ಇದೆ, ಇವತ್ತು ತಂದಿದ್ದೇನೆ. ಇದೋ ಇಲ್ಲಿ, ಮೇಜಿನ ಮೇಲೆ. ಅದರ ಪಕ್ಕದಲ್ಲಿ ಈ ಮನೆಯವರು ತಮ್ಮ ತಾಯಿ ಹೊಲಿದ ಒಂದು ಕುಪ್ಪಸವನ್ನು ಇಟ್ಟಿದ್ದಾರೆ. ಸಭೆ ಮುಗಿದ ಮೇಲೆ ಬಂದು ಎರಡನ್ನೂ ಒಳಮಗ್ಗಲು ತಿರುಗಿಸಿ ನೋಡಿ.